ಆಯಿಲ್ ಸೋರಿಕೆ ಪತ್ತೆಹಚ್ಚುವ ಯುವಿ ಡೈ ಕಿಟ್: ಬಳಸಿ ನೋಡಿದ ಮೇಲೆ

ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ದೀಪ ಆಗಾಗ ಹೊತ್ತಿಕೊಳ್ಳತೊಡಗಿದಾಗ ಬ್ಯಾಟರಿಯೇ ಹಳತಾಗಿರಬೇಕೆಂದು ಭಾವಿಸಿದ್ದೆ. ಬಾನೆಟ್ ತೆರೆದು ನೋಡಿದರೆ, ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನ ಮೈಗೆಲ್ಲ ಆಯಿಲ್ ಮೆತ್ತಿ, ಧೂಳು ಕೂತು, ಕರಿಯ ಅಂಟಾಗಿತ್ತು. ಒಳಗಿನ ಕಾರ್ಬನ್ ಬ್ರಷ್‌ಗಳಿಗೆ ಆಯಿಲ್ ತಾಗಿದರೆ, ಅವು ಸವೆದು ಉದುರಿದ ಪುಡಿಯೊಡನೆ ಅದು ಕಲೆತು, ಬ್ರಷ್‌ಗಳು ಒತ್ತಿಕೊಂಡಿರುವ ತಿರುಗುವ ಲೋಹದ ಬಳೆಯ, ಅಂದರೆ ಸ್ಲಿಪ್ ರಿಂಗಿನ, ಮೇಲೆ ಪದರಗಟ್ಟುತ್ತದೆ. ಆಗ ಚಾರ್ಜಿಂಗ್ ಕುಗ್ಗುತ್ತದೆ. ಆದರೆ ಆಯಿಲ್ ಬರುತ್ತಿದ್ದುದು ಎಲ್ಲಿಂದ ಎಂಬುದು ಬರಿಗಣ್ಣಿಗೆ ತಿಳಿಯಲಿಲ್ಲ. ಅದಕ್ಕಾಗಿಯೇ ಈ ಕಿಟ್ ತರಿಸಿದೆ.

ಇದರಲ್ಲಿರುವುದು ಯುವಿ (ಅತಿನೇರಳೆ) ಬೆಳಕಿಗೆ ಹೊಳೆಯುವ ಡೈಯ ಒಂದು ಪುಟ್ಟ ಬಾಟಲಿ, ಒಂದು ಯುವಿ ಟಾರ್ಚ್, ಒಂದು ಹಳದಿ ಕನ್ನಡಕ. ಬಾಟಲಿಯ ಮೇಲೆ ಹೇಳಿದಷ್ಟೇ ಡೈಯನ್ನು ಎಂಜಿನ್ ಆಯಿಲ್‌ಗೆ ಬೆರೆಸಿ, ಗಾಡಿಯನ್ನು ಸ್ವಲ್ಪ ಓಡಿಸಿ, ಎಂಜಿನ್ ನಿಲ್ಲಿಸಿ ಕತ್ತಲಲ್ಲಿ ಟಾರ್ಚ್ ಹಾಯಿಸಿದರೆ ಸೋರಿದ ಜಾಗ ಹಳದಿ ಮಿಶ್ರಿತ ಹಸಿರಾಗಿ ಹೊಳೆಯುತ್ತದೆ. ಆದರೆ ಅದಕ್ಕೆ ಮೊದಲು ಹಳೆಯ ಜಿಡ್ಡನ್ನೆಲ್ಲ ಒರೆಸಿ ತೆಗೆಯಲೇಬೇಕು. ನಾನು ಮೊದಲ ಸಲ ಅರ್ಧಂಬರ್ಧ ಒರೆಸಿದ್ದರಿಂದ, ಹೊಸ ಆಯಿಲ್ ಹಳೆಯ ಜಿಡ್ಡಿನ ಮೇಲೆ ಹರಡಿ ಎಲ್ಲೆಡೆಯೂ ಹೊಳೆದು, ಮೂಲ ಗೊತ್ತಾಗದೆ ಒಂದು ಸಂಜೆ ವ್ಯರ್ಥವಾಯಿತು. ಸ್ವಚ್ಛಗೊಳಿಸುವ ದ್ರಾವಣ ಸಿಂಪಡಿಸುವಾಗ ಆಲ್ಟರ್ನೇಟರಿಗೂ ಕನೆಕ್ಟರುಗಳಿಗೂ ಪ್ಲಾಸ್ಟಿಕ್ ಹೊದಿಸುವುದನ್ನು ಮರೆಯಬಾರದು.

ಎರಡನೆಯ ಸಲ ಉತ್ತರ ನಿಚ್ಚಳವಾಗಿ ಸಿಕ್ಕಿತು. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಗಾಳಿಯ ರಭಸಕ್ಕೆ ಹಿಂದಕ್ಕೂ ಸರಿಯುತ್ತದೆ. ಹಾಗಾಗಿ ಹೊಳಪಿನ ಅತಿ ಮೇಲಿನ ತುದಿಯನ್ನೇ ಹುಡುಕಬೇಕು. ಎಂಜಿನ್ನಿನ ಮೇಲ್ಮುಚ್ಚಳದ ಅಂಚಿನಲ್ಲಿ ಆಯಿಲ್ ಸೋರದಂತೆ ತಡೆಯುವ ವಾಲ್ವ್ ಕವರ್ ಗ್ಯಾಸ್ಕೆಟ್ಟಿನ ಒಂದು ಮೂಲೆಯಿಂದ ಹೊರಟ ಕೂದಲೆಳೆಯಷ್ಟು ಸಣ್ಣ ಗೆರೆ ನೇರವಾಗಿ ಆಲ್ಟರ್ನೇಟರಿನ ಮೇಲೆ ಬಂದು ಮುಗಿದಿತ್ತು.

ಡೈ ಉತ್ತಮವಾಗಿದೆ, ಟಾರ್ಚ್ ಮಾತ್ರ ಸಾಧಾರಣ. ಅದರ ಬೆಳಕಿನ ತರಂಗಾಂತರ 395 ನ್ಯಾನೊಮೀಟರ್ ಆದ್ದರಿಂದ ಅದರ ನೇರಳೆ ಬೆಳಕೇ ಮಸುಕು ಹೊಳಪನ್ನು ನುಂಗಿಬಿಡುತ್ತದೆ. ಕಣ್ಣಿಗೆ ಕಾಣುವ ನೇರಳೆ ಕಡಿಮೆಯಿರುವ 365 ನ್ಯಾನೊಮೀಟರಿನ ಟಾರ್ಚ್ ಇದ್ದವರು ಡೈಯನ್ನಷ್ಟೇ ಕೊಂಡರೆ ಸಾಕು. ಟಾರ್ಚ್ ಹಾಯಿಸಿದರೂ ಕಾಣದ ಜಾಗಗಳೂ ಇವೆ. ಸ್ಪಾರ್ಕ್ ಪ್ಲಗ್ಗಿನ ಗುಂಡಿಯೊಳಗೆ ಆಯಿಲ್ ತುಂಬಿ, ಪ್ಲಗ್ಗಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್‌ನ ರಬ್ಬರ್ ಉಬ್ಬಿದ್ದರೆ ಹೊರಗಿನಿಂದ ಕಾಣುವುದಿಲ್ಲ, ಕಾಯಿಲ್ ಬಿಚ್ಚಿಯೇ ನೋಡಬೇಕು. ಆಯಿಲ್ ಒತ್ತಡವನ್ನು ಗಮನಿಸುವ ಆಯಿಲ್ ಪ್ರೆಶರ್ ಸ್ವಿಚ್ಚಿನ ಕನೆಕ್ಟರನ್ನೂ ಕಳಚಿ ಒಳಗೆ ಟಾರ್ಚ್ ಹಾಯಿಸುವುದು ಒಳ್ಳೆಯದು, ಏಕೆಂದರೆ ಸ್ವಿಚ್ ಒಳಗಿಂದ ಸೋರಿದರೆ ಆಯಿಲ್ ತಂತಿಯೊಳಗೇ ಹರಿದು ದೂರ ಸಾಗಬಲ್ಲದು.

ಹೊಸ ಗ್ಯಾಸ್ಕೆಟ್ ಹಾಕಿಸಿ, ಎಲ್ಲವನ್ನೂ ಒರೆಸಿ, ಒಂದು ವಾರ ಓಡಿಸಿದ ಮೇಲೆ ಅದೇ ಡೈಯ ನೆರವಿನಿಂದ ಮತ್ತೆ ನೋಡಿದೆ. ಆಲ್ಟರ್ನೇಟರಿನ ಮೇಲೆ ಒಂದು ಚುಕ್ಕೆಯೂ ಹೊಳೆಯಲಿಲ್ಲ.