ನಮ್ಮೂರ ಹಾಲ್ಟ್ ಸ್ಟೇಷನ್: ಹನ್ನೆರಡು ವರ್ಷ ಹತ್ತಿ ಇಳಿದ ಮೇಲೆ

ಮೈಸೂರು–ಚಾಮರಾಜನಗರ ಲೈನಿನಲ್ಲಿ ನಂಜನಗೂಡು ದಾಟಿದ ಮೇಲೆ ಸಿಗುವ ಪುಟ್ಟ ಹಾಲ್ಟ್ ನಮ್ಮದು. ಸ್ಟೇಷನ್ ಮಾಸ್ಟರ್ ಇಲ್ಲ, ಅನೌನ್ಸ್‌ಮೆಂಟ್ ಇಲ್ಲ. ಒಂದು ಹಳದಿ ಬೋರ್ಡು, ಒಂದು ಶೆಡ್ಡು, ಒಂದು ಹೊಂಗೆ ಮರ. ಹನ್ನೆರಡು ವರ್ಷದಿಂದ ಇಲ್ಲಿಂದಲೇ ಕೆಲಸಕ್ಕೆ ಮೈಸೂರಿಗೆ ಹೋಗಿ ಬರುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಪ್ಯಾಸೆಂಜರ್ ಗಾಡಿಯ ಕನಿಷ್ಠ ದರ 10 ರೂಪಾಯಿ. ಕೊರೊನಾ ಸಮಯದಲ್ಲಿ ನಿಂತ ಗಾಡಿ ಮತ್ತೆ ಶುರುವಾದಾಗ ಅದು 30 ಆಗಿತ್ತು. ಹೂವಿನ ಬುಟ್ಟಿ, ಬಾಳೆಗೊನೆ ಹೊತ್ತು ಮಾರ್ಕೆಟ್ಟಿಗೆ ಹೋಗುವ ಹೆಂಗಸರಿಗೆ ಅದು ದೊಡ್ಡ ಏಟು. 2024ರ ಫೆಬ್ರವರಿ ಕೊನೆಯಲ್ಲಿ ಮತ್ತೆ 10ಕ್ಕೆ ಇಳಿಯಿತು. ನಮ್ಮ ಬೋಗಿಯಲ್ಲಿ ಹಳೇ ಮುಖಗಳು ಒಂದೊಂದಾಗಿ ವಾಪಸ್ ಬಂದವು. ಆ ಖುಷಿ ಇನ್ನೂ ನೆನಪಿದೆ.

ಟಿಕೆಟ್ ಕೊಡುವವರು ರೈಲ್ವೆ ನೌಕರರಲ್ಲ, ಹಾಲ್ಟ್ ಏಜೆಂಟ್. ದೊಡ್ಡ ಸ್ಟೇಷನ್ನಿನಿಂದ ಟಿಕೆಟ್ ತಂದು ಮಾರುತ್ತಾರೆ, ಮಾರಿದಷ್ಟಕ್ಕೆ ಕಮಿಷನ್. ಅವರಿಗೆ ಅದರಲ್ಲಿ ಸಿಗುವುದು ತೀರಾ ಕಡಿಮೆ. ಆದರೂ ಮಳೆಯಲ್ಲೂ ಬಂದು ಕಿಟಕಿ ತೆಗೆಯುತ್ತಾರೆ. ‘ಇಲ್ಲಿ ಯಾರು ಚೆಕ್ ಮಾಡ್ತಾರೆ’ ಅಂತ ಸುಮ್ನೆ ಹತ್ತುವವರು ಜಾಸ್ತಿ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಲ್ಟ್ ಇರಬೇಕೋ ಬೇಡವೋ ಅಂತ ನೋಡುವಾಗ ಎಣಿಸುವುದು ಮಾರಾಟವಾದ ಟಿಕೆಟ್ಟನ್ನೇ, ಹತ್ತಿದ ತಲೆಗಳನ್ನಲ್ಲ. ಆ್ಯಪಿನಲ್ಲಿ ತಗೊಂಡರೂ ನಂಜನಗೂಡು ಹಾಕಬೇಡಿ, ನಮ್ಮ ಹಾಲ್ಟಿನ ಹೆಸರೇ ಹಾಕಿ.

ತೊಂದರೆಗಳಿವೆ. ಪ್ಲಾಟ್‌ಫಾರ್ಮ್ ಬಹಳ ತಗ್ಗು. ಗಾಡಿ ನಿಲ್ಲುವುದು ಒಂದೇ ನಿಮಿಷ. ನಮ್ಮಮ್ಮನಿಗೆ ಮಂಡಿನೋವು, ಮೇಲಿಂದ ಒಬ್ಬರು ಎಳೆದು, ಕೆಳಗಿಂದ ನಾನು ಎತ್ತಿ ಹತ್ತಿಸಬೇಕು. ಗಾರ್ಡ್ ನೋಡಿಕೊಂಡು ಹಸಿರು ಬಾವುಟ ತಡ ಮಾಡಿ ತೋರಿಸಿದ ದಿನಗಳೂ ಇವೆ. ಅವರ ಋಣ ದೊಡ್ಡದು. ಹೋದ ಮಳೆಗಾಲದಲ್ಲಿ ಸಂಜೆ ಗಾಡಿ ಒಂದೂವರೆ ಗಂಟೆ ತಡ. ದೀಪ ಉರಿಯುತ್ತಿರಲಿಲ್ಲ, ಕೇಳೋಣವೆಂದರೆ ಯಾರೂ ಇಲ್ಲ. ಇಬ್ಬರು ಕಾಲೇಜು ಹುಡುಗಿಯರು ಮೊಬೈಲ್ ಬೆಳಕಿನಲ್ಲಿ ಕೂತಿದ್ದರು. ಒಂದು ದೀಪ ಸರಿ ಮಾಡುವುದು ಅಷ್ಟು ಕಷ್ಟವಾ? ಈ ಒಂದು ವಿಷಯಕ್ಕೆ ನನಗೆ ಈಗಲೂ ಸಿಟ್ಟಿದೆ.

ಆದರೂ ಬಸ್ಸಿಗೆ ಹೋಗಲು ಮನಸ್ಸಾಗುವುದಿಲ್ಲ. ನಂಜನಗೂಡಿನಲ್ಲಿ ಕಪಿಲೆ ದಾಟುವಾಗ ಪಕ್ಕದಲ್ಲೇ 1735ರ ಹಳೇ ಸೇತುವೆ ಕಾಣುತ್ತದೆ. ಹಳಿ ಈಗಿನಷ್ಟು ಅಗಲ ಇರದಿದ್ದ ಮೀಟರ್ ಗೇಜ್ ಕಾಲದಲ್ಲಿ ರೈಲೂ ಬಸ್ಸೂ ಅದರ ಮೇಲೇ ಓಡುತ್ತಿದ್ದವು. ಚಿಕ್ಕಂದಿನಲ್ಲಿ ಅಪ್ಪನ ತೊಡೆ ಮೇಲೆ ಕೂತು ಅದನ್ನು ದಾಟಿದ್ದೇನೆ.

ಹೊಸದಾಗಿ ಬರುವವರಿಗೆ ಒಂದು ಮಾತು: ಹತ್ತು ನಿಮಿಷ ಮೊದಲೇ ಬನ್ನಿ, ಹೊಂಗೆ ಮರದ ಹತ್ತಿರ ನಿಲ್ಲಿ. ಹಿಂದಿನ ಬೋಗಿಗಳು ಪ್ಲಾಟ್‌ಫಾರ್ಮಿನಿಂದ ಆಚೆ ಜಲ್ಲಿ ಮೇಲೆ ನಿಲ್ಲುತ್ತವೆ. ನಂಜನಗೂಡಿನ ದೊಡ್ಡ ಜಾತ್ರೆ ದಿನ ಸೀಟಿನ ಆಸೆ ಬಿಡಿ.