ಕೆನ್ ಬಿಟ್ಟು ಧಾಲ್ಸಿಮ್ ಹಿಡಿದ ಮೇಲೆ: ಸ್ಟ್ರೀಟ್ ಫೈಟರ್ 6 ದೀರ್ಘಕಾಲದ ಬಳಕೆಯ ವಿಮರ್ಶೆ

ಕ್ಯಾಪ್‌ಕಾಮ್ ಸಂಸ್ಥೆ 2023ರ ಜೂನ್ 2ರಂದು ಬಿಡುಗಡೆ ಮಾಡಿದ ಸ್ಟ್ರೀಟ್ ಫೈಟರ್ 6 ಎಂಬ ಕಾಳಗದ ವಿಡಿಯೊ ಆಟವನ್ನು ಮೊದಲ ವರ್ಷವಿಡೀ ಕೆನ್ ಪಾತ್ರದಲ್ಲಿಯೇ ಆಡಿದ ನಾನು, ಆನಂತರ ಧಾಲ್ಸಿಮ್‌ನನ್ನು ಕಲಿಯತೊಡಗಿದೆ. ಆ ಪಾತ್ರ ಭಾರತೀಯನಾದ ಕಾರಣಕ್ಕೆ ಅವನನ್ನು ಆರಿಸಿಕೊಂಡೆನೆಂದು ಗೆಳೆಯರು ಛೇಡಿಸುವುದುಂಟು. ನಿಜವಾದ ಕಾರಣವೆಂದರೆ, ಅವನ ವಿರುದ್ಧ ನಾನು ಸೋಲುತ್ತಲೇ ಇದ್ದೆ.

ಕೆನ್‌ನ ಆಟವೆಲ್ಲ ಮುನ್ನುಗ್ಗುವುದರಲ್ಲಿದೆ. ಧಾಲ್ಸಿಮ್‌ನದು ದೂರದ ಲೆಕ್ಕಾಚಾರ. 1991ರ ಸ್ಟ್ರೀಟ್ ಫೈಟರ್ 2ರಿಂದಲೂ ಅವನ ಗುರುತಾಗಿರುವ ನೀಳ ಕೈಕಾಲುಗಳು ಎದುರಾಳಿಯನ್ನು ದೂರದಿಂದಲೇ ತಡೆಯುತ್ತವೆಯಾದರೂ, ಚಾಚಿದ ಅಂಗವೂ ಪೆಟ್ಟು ತಿನ್ನುತ್ತದೆ ಎಂಬುದು ನನ್ನ ತಲೆಗಿಳಿಯಲು ಹಲವು ವಾರಗಳೇ ಬೇಕಾದವು. ದೂರದಿಂದ ಬೀಸಿದ ಗುದ್ದನ್ನು ಎದುರಾಳಿ ಡ್ರೈವ್ ಇಂಪ್ಯಾಕ್ಟ್ ಎಂಬ, ಪೆಟ್ಟು ತಡೆದುಕೊಂಡೇ ಹೊಡೆಯುವ ಚಲನೆಯಿಂದ ನುಂಗಿಕೊಂಡು ಬಂದರೆ, ಕೈ ಹಿಂದಕ್ಕೆ ಬರುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಡ್ರೈವ್ ಇಂಪ್ಯಾಕ್ಟ್ ತಾಗಲು 26 ಫ್ರೇಮ್‌ಗಳು (ಪರದೆಯ ಒಂದೊಂದು ಚಿತ್ರವೂ ಒಂದು ಫ್ರೇಮ್) ಹಿಡಿಯುತ್ತವೆ. ಆಟ ಸೆಕೆಂಡಿಗೆ 60 ಫ್ರೇಮ್‌ಗಳಲ್ಲಿ ನಡೆಯುವುದರಿಂದ ಅದು ಅರ್ಧ ಸೆಕೆಂಡಿಗಿಂತಲೂ ಕಡಿಮೆ.

ಇಲ್ಲಿ ನನ್ನನ್ನು ಕಾಪಾಡಿದ್ದು ತರಬೇತಿ ವಿಭಾಗದ ಫ್ರೇಮ್ ಮೀಟರ್. ಹೊಡೆತ ಸಿದ್ಧವಾಗುವ ಹೊತ್ತನ್ನು ಹಸಿರಿನಲ್ಲಿ, ತಾಗುವ ಹೊತ್ತನ್ನು ಕೆಂಪಿನಲ್ಲಿ, ಚೇತರಿಕೆಯನ್ನು ನೀಲಿಯಲ್ಲಿ ತೋರಿಸುವ ಆ ಪಟ್ಟಿಯನ್ನು ನೋಡುತ್ತ, ಎದುರಾಳಿಯ ಜಾಗದಲ್ಲಿ ನಿಲ್ಲುವ ತರಬೇತಿ ಬೊಂಬೆಗೆ ಡ್ರೈವ್ ಇಂಪ್ಯಾಕ್ಟ್ ರೆಕಾರ್ಡ್ ಮಾಡಿಸಿ, ಯಾವ ಗುದ್ದಿನ ನಂತರ ನಾನು ಮರುಉತ್ತರ ಕೊಡಬಲ್ಲೆ, ಯಾವುದರ ನಂತರ ಸಿಕ್ಕಿಬೀಳುತ್ತೇನೆ ಎಂಬುದನ್ನು ಒಂದೊಂದಾಗಿ ಪರೀಕ್ಷಿಸಿದೆ. ನೀಲಿ ಪಟ್ಟಿಯ ಉದ್ದ ಕಂಡ ಮೇಲೆಯೇ ದೊಡ್ಡ ಗುದ್ದಿನ ಮೇಲಿನ ಮೋಹ ಹೋಯಿತು. ಹಿಂದಿನ ದಿಕ್ಕನ್ನು ಒತ್ತಿ ಹಿಡಿದು ಪ್ರಯೋಗಿಸುವ ಗಿಡ್ಡ ಹೊಡೆತಗಳ ಬೆಲೆ ತಿಳಿದದ್ದೂ ಆಗಲೇ.

ನಿಗದಿತ ಹೊಡೆತಗಳ ಸರಣಿಯನ್ನು ಅಭ್ಯಾಸ ಮಾಡಿಸುವ ಕಾಂಬೊ ಟ್ರಯಲ್‌ಗಳ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಅವು ಬೆರಳಿಗೆ ವ್ಯಾಯಾಮ ಕೊಡುತ್ತವೆ, ನಿಜ. ಆದರೆ ಧಾಲ್ಸಿಮ್‌ನ ಪಂದ್ಯಗಳನ್ನು ನಿರ್ಧರಿಸುವುದು ಯೋಗ ಫೈರ್ ಎಂಬ ನಿಧಾನವಾದ ಬೆಂಕಿಯುಂಡೆಯ ಹಿಂದೆ ನಡೆದು ಹೋಗುವುದು, ಗಾಳಿಯಲ್ಲಿ ತೇಲಿ ಇಳಿಯುವ ಜಾಗವನ್ನು ಬದಲಿಸುವುದು, ಟೆಲಿಪೋರ್ಟ್ ಮಾಡುವ (ಮಾಯವಾಗಿ ಬೇರೆಡೆ ಕಾಣಿಸಿಕೊಳ್ಳುವ) ಆಸೆಯನ್ನು ಹತ್ತರಲ್ಲಿ ಒಂಬತ್ತು ಸಲ ಅದುಮಿಕೊಳ್ಳುವುದು. ಇವನ್ನು ಯಾವ ಟ್ರಯಲ್ ಕೂಡ ಕಲಿಸದು. ಗುಂಡಿಗಳನ್ನು ಸರಳಗೊಳಿಸಿದ ಮಾಡರ್ನ್ ನಿಯಂತ್ರಣದಲ್ಲಿ ವಿಶೇಷ ಚಲನೆಗಳು ಸುಲಭವಾದರೂ ಸಾಮಾನ್ಯ ಹೊಡೆತಗಳಲ್ಲಿ ಕೆಲವು ಕೈಬಿಟ್ಟುಹೋಗುತ್ತವೆ. ಆ ಹೊಡೆತಗಳನ್ನೇ ನೆಚ್ಚಿ ಬದುಕುವ ಈ ಪಾತ್ರಕ್ಕೆ ಹಳೆಯ ಪದ್ಧತಿಯ ಕ್ಲಾಸಿಕ್ ನಿಯಂತ್ರಣವೇ ಮೇಲೆಂಬುದು ನನ್ನ ಅಭಿಪ್ರಾಯ.

ಶ್ರೇಯಾಂಕವನ್ನು ಪ್ರತಿ ಪಾತ್ರಕ್ಕೂ ಬೇರೆಯಾಗಿ ಇಟ್ಟಿರುವುದು ಕಲಿಯುವವರಿಗೆ ದೊಡ್ಡ ಉಪಕಾರ. ಧಾಲ್ಸಿಮ್‌ನೊಂದಿಗೆ ಎಷ್ಟು ಸೋತರೂ ಕೆನ್‌ನ ಅಂಕಗಳಿಗೆ ಚ್ಯುತಿಯಿಲ್ಲ. ಈ ನೆಮ್ಮದಿಯಿಲ್ಲದಿದ್ದರೆ ನಾನು ಎರಡನೆಯ ವಾರದಲ್ಲೇ ಹಿಂದಿರುಗುತ್ತಿದ್ದೆ. ನೆಟ್‌ವರ್ಕ್ ವ್ಯವಸ್ಥೆ ರೋಲ್‌ಬ್ಯಾಕ್ ಪದ್ಧತಿಯದು (ಎದುರಾಳಿಯ ನಡೆಯನ್ನು ಊಹಿಸಿ ತೋರಿಸಿ, ಊಹೆ ತಪ್ಪಿದರೆ ಹಿಂದಕ್ಕೆ ಹೋಗಿ ತಿದ್ದುವಂಥದ್ದು), ಹತ್ತಿರದ ಎದುರಾಳಿಗಳೊಂದಿಗೆ ದೂರಲು ಕಾರಣವಿಲ್ಲ. ದೂರದೇಶದವರೊಂದಿಗೆ ಮಾತ್ರ, ಚಾಚಿದ ಕೈ ತಾಗಿತೆಂದು ಕಂಡ ಮರುಕ್ಷಣವೇ ಪೆಟ್ಟು ತಿಂದು ಬಿದ್ದವನು ನಾನಾಗಿರುತ್ತೇನೆ.

ಹತ್ತಿರ ಬಂದು ತಲೆಯ ಮೇಲಿನಿಂದ ಹಾರುವವರನ್ನು ತಡೆಯುವುದು ಇನ್ನೂ ಕೈಗೆ ಬಂದಿಲ್ಲ. ಕಳೆದ ವಾರ ಕೆನ್‌ಗೆ ಮರಳಿ ಎರಡು ಪಂದ್ಯ ಆಡಿದೆ. ಎದುರಾಳಿ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ, ಮುನ್ನುಗ್ಗಬೇಕಿತ್ತು. ನನ್ನ ಹೆಬ್ಬೆರಳು ಮಾತ್ರ ಹಿಂದಿನ ದಿಕ್ಕನ್ನೇ ಒತ್ತಿ ಹಿಡಿದಿತ್ತು.