ಓದಿದರೆ ತಿಳಿಯುವ ಇಂಗ್ಲಿಷ್ ಬಾಯಿಗೂ ಬರಲು ಆ್ಯಂಕಿ: ದೀರ್ಘಕಾಲ ಬಳಸಿದ ಮೇಲೆ

ಓದಿದರೆ ಅರ್ಥವಾಗುತ್ತದೆ, ಮೀಟಿಂಗ್‌ನಲ್ಲಿ ಮಾತ್ರ ಬಾಯಿ ಕಟ್ಟುತ್ತದೆ ಎನ್ನುವವರಿಗೆ ಆ್ಯಂಕಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರುವ ಕಾರ್ಡ್‌ಗಳನ್ನು ದಿನಗಳ ಅಂತರ ಬಿಟ್ಟು ಮತ್ತೆ ಮತ್ತೆ ತೋರಿಸಿ ನೆನಪಿನಲ್ಲಿ ಉಳಿಸುವ ಆ್ಯಪ್ ಇದು. ಆದರೆ ಕಾರ್ಡ್‌ಗಳನ್ನು ಮಾತಿಗೆಂದೇ ಬರೆದುಕೊಂಡಿರಬೇಕು. ಕಂಪ್ಯೂಟರ್‌ನಲ್ಲಿ ಇದು ಉಚಿತ, ಆ್ಯಂಡ್ರಾಯ್ಡ್‌ನಲ್ಲಿ ಆ್ಯಂಕಿಡ್ರಾಯ್ಡ್ ಉಚಿತ, ಐಫೋನ್ ಆ್ಯಪ್‌ಗೆ ಹಣ ಕೊಡಬೇಕು.

ಸಾವಿರಾರು ಪದಗಳ ಸಿದ್ಧ ಡೆಕ್ (ಕಾರ್ಡ್‌ಗಳ ಕಟ್ಟು) ಇಳಿಸಿಕೊಳ್ಳಬೇಡಿ. ಮುಂದೆ ಪದ, ಹಿಂದೆ ಅರ್ಥ ಇದ್ದರೆ ಪದವನ್ನು ಗುರುತಿಸಲು ಬರುತ್ತದೆ, ಬಳಸಲು ಬರುವುದಿಲ್ಲ. ಮುಂಭಾಗದಲ್ಲಿ ಸಂದರ್ಭವನ್ನು ಕನ್ನಡದಲ್ಲಿ ಬರೆಯಿರಿ: "ಹಿರಿಯ ಸಹೋದ್ಯೋಗಿಯಿಂದ ಶುಕ್ರವಾರದೊಳಗೆ ರಿಪೋರ್ಟ್ ಬೇಕು, ಕೇಳಿ." ಹಿಂಭಾಗದಲ್ಲಿ ಪೂರ್ತಿ ವಾಕ್ಯ: "ಕುಡ್ ಯು ಸೆಂಡ್ ಮಿ ದ ರಿಪೋರ್ಟ್ ಬೈ ಫ್ರೈಡೇ?" ಕನ್ನಡದಲ್ಲಿ ಮರ್ಯಾದೆ "ಕಳಿಸಿ" ಎಂಬ ಕ್ರಿಯಾಪದದ ಕೊನೆಯಲ್ಲೇ ಕೂತಿರುತ್ತದೆ. ಇಂಗ್ಲಿಷ್ ಕ್ರಿಯಾಪದದಲ್ಲಿ ಅದಕ್ಕೆ ಜಾಗವಿಲ್ಲ. ಪ್ರಶ್ನೆಯ ರೂಪ ಆ ಕೆಲಸ ಮಾಡುತ್ತದೆ. ಹಾಗಾಗಿಯೇ ನಾವು ವಿನಯದಿಂದ ಹೇಳಿದ "ಸೆಂಡ್ ಮಿ ದ ರಿಪೋರ್ಟ್" ಕೇಳುವವರಿಗೆ ಅಪ್ಪಣೆಯಂತೆ ಕೇಳಿಸುತ್ತದೆ. ಇಂಥ ಕಾರ್ಡ್ ಒಂದು ಐವತ್ತು ಪದಗಳಿಗಿಂತ ಮೇಲು.

ತಪ್ಪುಗಳಿಗೂ ಕಾರ್ಡ್ ಮಾಡಿ. "ಡಿಸ್ಕಸ್ ಅಬೌಟ್" ಅಲ್ಲ, ಬರೀ "ಡಿಸ್ಕಸ್". "ಲುಕ್ ಫಾರ್ವರ್ಡ್ ಟು ಮೀಟ್" ಅಲ್ಲ, "ಟು ಮೀಟಿಂಗ್". ಅಲ್ಲಿನ "ಟು" ಪ್ರಿಪೊಸಿಷನ್ ಆದ್ದರಿಂದ ಅದರ ಮುಂದೆ ನಾಮಪದದಂತೆ ನಡೆಯುವ ರೂಪ ಬರಬೇಕು. ಒಂದು ಕಾರ್ಡ್‌ಗೆ ಒಂದೇ ತಪ್ಪು.

ಉತ್ತರ ತೆರೆಯುವ ಮುನ್ನ ವಾಕ್ಯವನ್ನು ಗಟ್ಟಿಯಾಗಿ ಹೇಳಲೇಬೇಕು. ಮನಸ್ಸಿನಲ್ಲೇ ಹೇಳಿಕೊಂಡರೆ ತಡವರಿಕೆ ಗೊತ್ತೇ ಆಗುವುದಿಲ್ಲ. ಕಂಪ್ಯೂಟರ್‌ನಲ್ಲಿ ಶಿಫ್ಟ್ ಮತ್ತು ವಿ ಒತ್ತಿದರೆ ನಿಮ್ಮ ದನಿ ರೆಕಾರ್ಡ್ ಆಗುತ್ತದೆ, ವಿ ಒತ್ತಿದರೆ ಮತ್ತೆ ಕೇಳಿಸುತ್ತದೆ. ಕಾರ್ಡ್‌ಗೆ ಸೇರಿಸಿದ ಆಡಿಯೋ ಜೊತೆ ಹೋಲಿಸಿ. "ರೆಕಾರ್ಡ್" ನಾಮಪದವಾದಾಗ ಮೊದಲ ಭಾಗಕ್ಕೆ ಒತ್ತು, ಕ್ರಿಯಾಪದವಾದಾಗ ಎರಡನೆಯದಕ್ಕೆ. ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗದ ಕಾರಣ ನಮ್ಮ ಕಿವಿ ಇದನ್ನು ಸುಲಭವಾಗಿ ಬಿಟ್ಟುಬಿಡುತ್ತದೆ.

ಸೆಟ್ಟಿಂಗ್‌ನಲ್ಲಿ ಮುಖ್ಯವಾದದ್ದು ಒಂದೇ. ದಿನಕ್ಕೆ 20 ಹೊಸ ಕಾರ್ಡ್ ಎಂದು ಮೊದಲೇ ಇರುತ್ತದೆ. ಅದೇ ಲೆಕ್ಕದಲ್ಲಿ ಮುಂದುವರಿದರೆ ದಿನಕ್ಕೆ ಸುಮಾರು 200 ಹಳೆಯ ಕಾರ್ಡ್ ಎದುರಾಗುತ್ತವೆ. ಗಟ್ಟಿಯಾಗಿ ಹೇಳುತ್ತ ಅಷ್ಟು ಮುಗಿಸುವುದು ಕಷ್ಟ. ಜನ ಬಿಟ್ಟುಬಿಡುವುದು ಇಲ್ಲೇ. 5ಕ್ಕೆ ಇಳಿಸಿ. ಉತ್ತರ ನೋಡಿದ ಮೇಲೆ, ವಾಕ್ಯ ನೆನಪಾಗದಿದ್ದರೆ "ಹಾರ್ಡ್" ಗುಂಡಿ ಒತ್ತಬೇಡಿ, ಆ್ಯಂಕಿ ಅದನ್ನು ನೆನಪಾಯಿತೆಂದೇ ಲೆಕ್ಕ ಹಿಡಿದು ಕಾರ್ಡ್ ಮತ್ತೆ ತೋರಿಸುವ ಅಂತರ ಹೆಚ್ಚಿಸುತ್ತದೆ. ಮರೆತದ್ದಕ್ಕೆ "ಅಗೇನ್" ಮಾತ್ರ.

ಕೊರತೆ ದೊಡ್ಡದೇ ಇದೆ. ಆ್ಯಂಕಿ ನಿಮ್ಮ ಮಾತನ್ನು ತಿದ್ದುವುದಿಲ್ಲ, ಮರುಪ್ರಶ್ನೆ ಕೇಳುವುದಿಲ್ಲ. ಎದುರಿನವರು ಅನಿರೀಕ್ಷಿತವಾಗಿ ಏನೋ ಕೇಳಿದಾಗ ತಕ್ಷಣ ಉತ್ತರಿಸುವ ಅಭ್ಯಾಸಕ್ಕೆ ವಾರಕ್ಕೆ ಎರಡು ಸಲವಾದರೂ ಮನುಷ್ಯರ ಜೊತೆ ಮಾತಾಡಬೇಕು. ಅಲ್ಲಿ ತಡವರಿಸಿದ ವಾಕ್ಯಗಳೇ ಮುಂದಿನ ವಾರದ ಕಾರ್ಡ್‌ಗಳು.

ಒಂದು ವಾರ ತಪ್ಪಿ ರಾಶಿ ಬಿದ್ದರೆ ಹೊಸ ಕಾರ್ಡ್‌ಗಳನ್ನು 0 ಮಾಡಿ, ಹಳೆಯದನ್ನು ದಿನಕ್ಕಿಷ್ಟು ಎಂದು ಕರಗಿಸಿ. ಎಂಟು ಸಲ ಮರೆತ ಕಾರ್ಡ್‌ಗೆ "ಲೀಚ್" ಎಂಬ ಗುರುತು ಬೀಳುತ್ತದೆ. ಅದನ್ನು ಮತ್ತೆ ಮತ್ತೆ ಉರುಹೊಡೆಯದೆ, ವಾಕ್ಯವನ್ನು ಚಿಕ್ಕದಾಗಿ ಒಡೆದು ಬೇರೆ ಕಾರ್ಡ್ ಬರೆಯಿರಿ.